ಮೀಟರ್ ಇಲ್ಲದ ಮೋಟರ್

2004ರ ಮೇ ತಿಂಗಳು. ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿನ 39 ಸ್ಥಾನಗಳ ಪೈಕಿ ಮುಖ್ಯಮಂತ್ರಿ ಜಯಲಲಿತಾ ಅವರ ಕೂಟಕ್ಕೆ ಒಂದೂ ದಕ್ಕಲಿಲ್ಲ. ಅದರ ಹಿಂದಿನ ವರ್ಷ ಅವರ ಸರ್ಕಾರ ರೈತರ ಪಂಪ್‌ಸೆಟ್ಟುಗಳಿಗಿದ್ದ ಉಚಿತ ವಿದ್ಯುತ್ತನ್ನು ನಿಲ್ಲಿಸಿ ದರ ವಿಧಿಸಿತ್ತು. ಫಲಿತಾಂಶ ಬಂದು ವಾರ ಕಳೆಯುವಷ್ಟರಲ್ಲಿ ಆ ದರ ರದ್ದಾಯಿತು. ಅದೇ ದಿನಗಳಲ್ಲಿ ಹೈದರಾಬಾದಿನಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರು ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ವೇದಿಕೆಯಲ್ಲೇ ರೈತರಿಗೆ ಉಚಿತ ವಿದ್ಯುತ್ ಕೊಡುವ ಕಡತಕ್ಕೆ ರುಜು ಹಾಕಿದರು. ಅವರೆದುರು ಸೋತ ಚಂದ್ರಬಾಬು ನಾಯ್ಡು ಅವರು 2000ದಲ್ಲಿ ವಿದ್ಯುತ್ ದರ ಏರಿಸಿದ್ದರು. ಅದನ್ನು ವಿರೋಧಿಸಿದವರ ಮೇಲೆ ಹೈದರಾಬಾದಿನ ಬಶೀರ್‌ಬಾಗ್‌ನಲ್ಲಿ ಗೋಲಿಬಾರೂ ನಡೆದಿತ್ತು.

ಈ ಸೋಲುಗಳಿಗೆ ಬರಗಾಲ ಸೇರಿ ಹಲವು ಕಾರಣಗಳಿದ್ದವು. ಆದರೆ ರಾಜಕಾರಣಿಗಳು ಕಲಿತ ಪಾಠ ಒಂದೇ: ರೈತನ ಮೋಟರಿಗೆ ಮೀಟರ್ ಹಾಕಲು ಹೋದರೆ ಕುರ್ಚಿ ಉಳಿಯದು. ನಮ್ಮ ಕರ್ನಾಟಕದಲ್ಲೂ 2008ರಲ್ಲಿ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಯಿತು. ಆಮೇಲೆ ಬಂದ ಯಾವ ಪಕ್ಷವೂ ಅದನ್ನು ಮುಟ್ಟಲಿಲ್ಲ.

ಇದನ್ನು ನಾಯಕರ ದುರಾಸೆ ಎಂದು ತಳ್ಳಿಹಾಕಿದರೆ ವಿಷಯ ಅರ್ಥವಾಗದು. ಐದು ವರ್ಷಕ್ಕೊಮ್ಮೆ ಜನರೆದುರು ನಿಲ್ಲಬೇಕಾದವರ ಜಾಗದಲ್ಲಿ ನಿಂತು ನೋಡಿ. ದರ ಹಾಕಿದರೆ ಬಿಲ್ಲು ಮುಂದಿನ ತಿಂಗಳೇ ಪ್ರತಿ ಪಂಪ್‌ಸೆಟ್ಟಿನ ಮನೆಗೂ ಹೋಗುತ್ತದೆ; ಊರೂರೇ ಒಟ್ಟಾಗಿ ಸಿಟ್ಟಾಗುತ್ತದೆ. ಹಾಕದಿದ್ದರೆ ಮೋಟರ್ ಮಿತಿಯಿಲ್ಲದೆ ಓಡಿ ಅಂತರ್ಜಲಕ್ಕೆ ಆಗುವ ನಷ್ಟವೋ, ನೆಲದೊಳಗೆ ಇಪ್ಪತ್ತು ವರ್ಷ ನಿಧಾನವಾಗಿ ನಡೆಯುತ್ತದೆ. ಉಳಿಯಬಹುದಾಗಿದ್ದ ನೀರಿನಿಂದ ಬದುಕು ಕಟ್ಟಿಕೊಳ್ಳಬೇಕಾದವರಲ್ಲಿ ಅನೇಕರು ಇನ್ನೂ ಹುಟ್ಟೇ ಇಲ್ಲ. ಅವರಿಗೆ ಮತವಿಲ್ಲ.

ಮೀಟರ್ ಕಳೆದುಹೋದ ಕಥೆಯನ್ನೂ ಹೇಳಬೇಕು. ಹೊಲದಿಂದ ಹೊಲಕ್ಕೆ ಅಲೆದು ರೀಡಿಂಗ್ ತೆಗೆಯುವುದು ದುಬಾರಿಯೆಂದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹಲವು ರಾಜ್ಯಗಳು ಮೋಟರಿನ ಅಶ್ವಶಕ್ತಿಗೆ ತಕ್ಕಂತೆ ವರ್ಷಕ್ಕಿಷ್ಟು ಎಂದು ಶುಲ್ಕ ಗೊತ್ತುಮಾಡಿದವು. ಎಷ್ಟು ಹೊತ್ತು ಓಡಿಸಿದರೂ ಅಷ್ಟೇ ಹಣ. ಅಳತೆ ಹೋದ ಮೇಲೆ ಪಂಪ್‌ಸೆಟ್ಟಿನ ಬಳಕೆ ಬರೀ ಅಂದಾಜಾಯಿತು. ತಂತಿಯಲ್ಲಿ ಸೋರಿದ್ದು, ಊರಲ್ಲಿ ಕದ್ದದ್ದು, ಎಷ್ಟೋ ಪಾಲು ರೈತನ ಲೆಕ್ಕದಲ್ಲಿ ಸೇರಿಕೊಂಡಿತು. ಉತ್ತರ ಪ್ರದೇಶದ ದಶಕಗಳ ಅಂಕಿಅಂಶ ಪರಿಶೀಲಿಸಿದ ಬ್ರಯಾನ್ ಮಿನ್, ಮಿರಿಯಂ ಗೋಲ್ಡನ್ ಎಂಬ ರಾಜ್ಯಶಾಸ್ತ್ರಜ್ಞರು, ವಿಧಾನಸಭಾ ಚುನಾವಣೆ ಸಮೀಪಿಸಿದಂತೆ ಬಿಲ್ಲಾಗದೆ ಹೋಗುವ ವಿದ್ಯುತ್ತು ಹೆಚ್ಚುತ್ತದೆ ಎಂದು ತೋರಿಸಿದ್ದಾರೆ.

ನೆಲದೊಳಗಿನ ಆ ನಷ್ಟ ನೋಡಲು ಈಗ ಕೋಲಾರಕ್ಕೆ ಬನ್ನಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ್ದ ಜಿಲ್ಲೆ. ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಳ ಹೆಚ್ಚಿದಷ್ಟೂ ಒಂದು ಕೊಡ ನೀರೆತ್ತಲು ಬೇಕಾದ ಕರೆಂಟೂ ಹೆಚ್ಚು. ಇಲ್ಲಿ ನನ್ನನ್ನು ನೋಯಿಸುವ ಸಂಗತಿಯೊಂದಿದೆ. ಸಾಲ ಮಾಡಿಯಾದರೂ ಬೋರ್ ಕೊರೆಸಬಲ್ಲವನಿಗೆ ಉಚಿತ ವಿದ್ಯುತ್ತಿನ ಈ ಸಹಾಯಧನ ಸಿಗುತ್ತದೆ. ಮಳೆ ನಂಬಿ ರಾಗಿ ಬಿತ್ತುವ, ಬೋರ್ ಇಲ್ಲದ ಬಡವನಿಗೆ ಚಿಕ್ಕಾಸೂ ಇಲ್ಲ. ಕರೆಂಟು ಪುಕ್ಕಟೆಯಾದ ರೈತನಿಗೂ ನೀರು ಪುಕ್ಕಟೆಯಲ್ಲ. ಬೋರ್ ಫೇಲಾದರೆ ಕೊರೆಸಿದ ಸಾಲ ಅವನದು. ವೋಲ್ಟೇಜ್ ಇಲ್ಲದೆ ಮೋಟರ್ ಸುಟ್ಟರೆ ವೈಂಡಿಂಗ್ ಖರ್ಚೂ ಅವನದೇ. ಕರೆಂಟು ಯಾವಾಗ ಬರುತ್ತದೋ ತಿಳಿಯದೆ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ನಡುರಾತ್ರಿ ಮೋಟರ್ ತಾನಾಗಿ ಓಡಿ, ಹೊಲ ತುಂಬಿ ನೀರು ಹೊರಗೆ ಹರಿದರೂ ನಿಲ್ಲಿಸುವವರಿಲ್ಲ.

ಹಾಗಾದರೆ ಮತದ ಲೆಕ್ಕದಿಂದ ಒಳ್ಳೆಯದು ಆಗುವುದೇ ಇಲ್ಲವೇ? ಗುಜರಾತಿನಲ್ಲಿ 2003ರಲ್ಲಿ ಜ್ಯೋತಿಗ್ರಾಮ ಯೋಜನೆ ಶುರುವಾಯಿತು. ಮನೆಗಳ ಲೈನು ಬೇರೆ, ಹೊಲದ ಲೈನು ಬೇರೆ ಮಾಡಿದರು. ಪಂಪ್‌ಸೆಟ್ಟಿಗೆ ಗೊತ್ತಾದ ಹೊತ್ತಿನಲ್ಲಿ ಸುಮಾರು ಎಂಟು ಗಂಟೆ, ಊರಿಗೆ ದಿನವಿಡೀ ಕರೆಂಟು. ರೈತ ಎತ್ತುವ ನೀರಿಗೆ ಮಿತಿ ಬಿತ್ತು. ಆದರೆ ಅದೇ ಮನೆಯ ಹೆಂಗಸರಿಗೆ, ಓದುವ ಮಕ್ಕಳಿಗೆ, ಹಿಟ್ಟಿನ ಗಿರಣಿಯವನಿಗೆ ಬೆಳಕು ಕಣ್ಣಿಗೇ ಕಂಡಿತು. ಕಠಿಣ ಕ್ರಮದ ಜೊತೆಗೇ ಎದ್ದು ಕಾಣುವ ಲಾಭವೂ ಇದ್ದುದರಿಂದ ಸರ್ಕಾರಕ್ಕೆ ಧೈರ್ಯ ಬಂತು ಎಂದು ನನಗನ್ನಿಸುತ್ತದೆ. ನಮ್ಮ ರಾಜ್ಯದ ನಿರಂತರ ಜ್ಯೋತಿ ಯೋಜನೆಯೂ ಇದೇ ದಾರಿಯದು.

ಇತ್ತೀಚೆಗೆ ನಮ್ಮ ರೈತರ ಬೇಡಿಕೆಯೇ ಬದಲಾಗುತ್ತಿದೆ. ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳ ಕಚೇರಿಗಳ ಮುಂದೆ ಅವರು ಕೇಳುವುದು ಹಗಲು ಹೊತ್ತಿನ ತ್ರೀ ಫೇಸ್ ಕರೆಂಟು. ಹಾವು, ಕರಡಿ, ಆನೆಗಳ ಭಯದಲ್ಲಿ ರಾತ್ರಿ ನೀರು ಹಾಯಿಸಲಾರೆವು ಎನ್ನುತ್ತಾರೆ. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಉಪಕೇಂದ್ರಗಳ ಬಳಿ ಸೌರಫಲಕ ಹಾಕಿ ಹೊಲದ ಲೈನಿಗೆ ಹಗಲಲ್ಲೇ ಕರೆಂಟು ಕೊಡುವ ಕೆಲಸ ನಡೆದಿದೆ. ಹಗಲು ಕರೆಂಟು ಕೊಡುತ್ತೇವೆಂದು ಶಾಸಕರೂ ಈಗ ಭರವಸೆ ನೀಡತೊಡಗಿದ್ದಾರೆ, ಏಕೆಂದರೆ ಜನ ಅದನ್ನು ಎದುರಿಗೆ ನಿಂತು ಕೇಳುತ್ತಿದ್ದಾರೆ. ಅಂತರ್ಜಲದ ಮಟ್ಟ ಎಷ್ಟಕ್ಕಿಳಿಯಿತು ಎಂದು ಅದೇ ಶಾಸಕರನ್ನು ತಡೆದು ಕೇಳಿದ ಊರು ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.