ಮರಿ ಕೊಳ್ಳುವ ಮುಂಚೆ ತಾಯಿ ನೋಡ್ರಿ



ಮುಧೋಳ ನಾಯಿ ನಮ್ಮ ಬಾಗಲಕೋಟೆ ಜಿಲ್ಲೆಯ ತಳಿ. ಉದ್ದ ಕಾಲು, ಸಣ್ಣ ನಡ, ಗಾಳಿಯಂಥ ಓಟ. 2005ರಲ್ಲಿ ಅಂಚೆ ಚೀಟಿಯ ಮೇಲೂ ಇದರ ಚಿತ್ರ ಬಂತು. ಇದರ ಮರಿ ಮಾರುವವರು ಬಹಳ ಮಂದಿ. ಎಲ್ಲರೂ ಒಂದೇ ಥರ ಇರೋದಿಲ್ಲ.

ಮರಿ ಬೇಕೇ? ಸಾಕಿದವರ ಮನೆಗೇ ಹೋಗಿರಿ. "ತಾಯಿ ನಾಯಿ ತೋರಸ್ರಿ" ಅಂತ ಕೇಳಿರಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತೀವಲ್ಲ! ಈ ತಳಿ ತೆಳ್ಳಗೇ ಇರುತ್ತದೆ. ಆದರೆ ಕೂದಲು ಹೊಳೆಯಬೇಕು. ಕಣ್ಣು ಚುರುಕಾಗಿರಬೇಕು.

ತಾಯಿಗೆ ವರ್ಷಕ್ಕೆ ಎಷ್ಟು ಸಲ ಮರಿ ಹಾಕಿಸ್ತಾರೆ? ಅದನ್ನೂ ಕೇಳಿರಿ. ಒಂದಕ್ಕಿಂತ ಹೆಚ್ಚು ಸಲ ಹಾಕಿಸಬಾರದು. ಇದು ಕೇಂದ್ರ ಸರ್ಕಾರದ 2017ರ ನಿಯಮ. ಬಾಣಂತಿಗೆ ವಿಶ್ರಾಂತಿ ಬೇಕು ಅಂತ ನಮಗೆ ಬೇರೆ ಹೇಳಬೇಕೇ?

8 ವಾರ ತುಂಬದ ಮರಿ ಮಾರಬಾರದು. ಅದೂ ನಿಯಮವೇ. ಎಳೆಯ ಮರಿಗೆ ತಾಯಿ ಹಾಲು ತಪ್ಪಿದರೆ ಬೇಗ ಕಾಯಿಲೆ ಬೀಳುತ್ತದೆ.

ಇನ್ನು ಲಸಿಕೆ ಕಾರ್ಡು. "ಎಲ್ಲಾ ಹಾಕ್ಸೇವ್ರಿ ಅಕ್ಕಾ" ಅಂದರೆ ಸಾಲದು. ಕಾರ್ಡಿನಲ್ಲಿ ಲಸಿಕೆಯ ಹೆಸರು, ತಾರೀಖು, ಡಾಕ್ಟರ ಸಹಿ ಇರಬೇಕು. ಈಗ ನಿಮಗೆ ಓದು ಬಂದಿದೆ. ನೀವೇ ಓದಿರಿ.

ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಆ ರೋಗದ ಲಕ್ಷಣ ಕಾಣಿಸಿದ ಮೇಲೆ ಔಷಧ ನಾಟುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ನೆನಪಿರಲಿ.

ಸಂಶಯ ಬಂದರೆ ದನದ ಡಾಕ್ಟರನ್ನು ಕೇಳಿರಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ದುಡ್ಡು ಕೊಡುವ ಮೊದಲು ಮೂರೇ ಮಾತು. ತಾಯಿ ನೋಡ್ರಿ. ವಯಸ್ಸು ಕೇಳ್ರಿ. ಕಾರ್ಡು ಓದ್ರಿ.