ಬತ್ತಳಿಕೆಯಲ್ಲೇ ಉಳಿದ ಅಸ್ತ್ರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಒಂದು ಚಕ್ರವ್ಯೂಹವಿದೆ. ಸುರುಳಿ ಸುತ್ತಿದ ಸೈನ್ಯ, ಅದರೊಳಗೆ ಸಿಕ್ಕಿಬಿದ್ದ ಅಭಿಮನ್ಯು. ಹುಡುಗನಿಗೆ ಒಳಗೆ ನುಗ್ಗುವ ವಿದ್ಯೆ ಗೊತ್ತಿತ್ತು, ಹೊರಬರುವ ವಿದ್ಯೆ ಗೊತ್ತಿರಲಿಲ್ಲ ಎಂಬ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಗೋಡೆಯ ಮುಂದೆ ನಿಂತವರು ಕೇಳಬಹುದಾದ ಇನ್ನೊಂದು ಪ್ರಶ್ನೆಯಿದೆ. ಅವನ ತಂದೆಯ ಬಳಿ ಮೂರು ಲೋಕವನ್ನೂ ಸುಡಬಲ್ಲ ಪಾಶುಪತಾಸ್ತ್ರ ಇತ್ತಲ್ಲ, ಅದೇನಾಯಿತು?

ಇಂದಿನ ಶಾಲಾ ಮಕ್ಕಳಿಗೆ ಇಂಥ ಪ್ರಶ್ನೆ ಹೊಸದೇನಲ್ಲ. ಅಮೆರಿಕದ ಮಾರ್ವೆಲ್ ಸಂಸ್ಥೆ 1991ರಲ್ಲಿ 'ಇನ್ಫಿನಿಟಿ ಗಾಂಟ್ಲೆಟ್' ಎಂಬ ಆರು ಸಂಚಿಕೆಗಳ ಕಾಮಿಕ್ಸ್ ಪ್ರಕಟಿಸಿತು. ಬರೆದವರು ಜಿಮ್ ಸ್ಟಾರ್ಲಿನ್. ಆರು ರತ್ನ ಕೂಡಿಸಿದ ಒಂದು ಕೈಗವಸು, ತೊಟ್ಟವನು ಸರ್ವಶಕ್ತ. ಥಾನೋಸ್ ಎಂಬ ಖಳ ಬೆರಳು ಚಿಟಿಕೆ ಹೊಡೆದರೆ ವಿಶ್ವದ ಅರ್ಧ ಜೀವಿಗಳು ಇಲ್ಲವಾಗುತ್ತವೆ. ಇದನ್ನೇ ಆಧರಿಸಿ 2018 ಮತ್ತು 2019ರಲ್ಲಿ ಬಂದ ಎರಡು 'ಅವೆಂಜರ್ಸ್' ಚಿತ್ರಗಳನ್ನು ನಮ್ಮ ಹುಡುಗರೂ ಮುಗಿಬಿದ್ದು ನೋಡಿದರು. ಅಲ್ಲಿ ಕಥೆ ಓಡುವುದೇ ಕೈಗವಸು ಯಾರ ಕೈಗೆ ಸಿಗುತ್ತದೆ ಎಂಬ ಕುತೂಹಲದ ಮೇಲೆ. ಸಿಕ್ಕ ಮೇಲೆ ಬಳಸದೆ ಇರುವ ಮಾತೇ ಇಲ್ಲ.

ಪಾಶುಪತದ ಕಥೆಯ ಜಾಡು ಬೇರೆ. ವನವಾಸದಲ್ಲಿ ಅರ್ಜುನ ಹಿಮಾಲಯಕ್ಕೆ ಹೋಗಿ ತಪಸ್ಸಿಗೆ ಕೂರುತ್ತಾನೆ. ಹಂದಿಯ ರೂಪದಲ್ಲಿ ಮೂಕನೆಂಬ ದಾನವ ಮೇಲೆರಗುತ್ತಾನೆ. ಅದಕ್ಕೆ ಒಂದೇ ಹೊತ್ತಿಗೆ ಎರಡು ಬಾಣ ನಾಟುತ್ತವೆ: ಒಂದು ಅರ್ಜುನನದು, ಇನ್ನೊಂದು ಕಿರಾತನದು. ಬೇಟೆ ಯಾರದೆಂದು ಜಗಳ. ಅರ್ಜುನನ ಬಾಣಗಳು ಮುಗಿಯುತ್ತವೆ, ಗಾಂಡೀವ ಕೈಬಿಡುತ್ತದೆ, ಕೊನೆಗೆ ಮಲ್ಲಯುದ್ಧದಲ್ಲೂ ಸೋಲು. ತಾನು ಪೂಜಿಸಿದ ಲಿಂಗದ ಮೇಲಿಟ್ಟ ಹೂಮಾಲೆ ಎದುರಾಳಿಯ ತಲೆಯ ಮೇಲೆ ಕಂಡಾಗಲೇ ಅವನಿಗೆ ಶಿವನ ಗುರುತು ಸಿಕ್ಕುವುದು. ಗೆದ್ದು ಪಡೆದ ಅಸ್ತ್ರವಲ್ಲ ಇದು, ಸೋತು ಪಡೆದದ್ದು.

ಶಿವ ಅದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಮನಸ್ಸಿನಿಂದ, ಕಣ್ಣಿನಿಂದ, ಮಾತಿನಿಂದ, ಬಿಲ್ಲಿನಿಂದ, ಹೇಗೆ ಬೇಕಾದರೂ ಇದನ್ನು ಪ್ರಯೋಗಿಸಬಹುದು; ಆದರೆ ಅಲ್ಪಬಲನ ಮೇಲೆ ದುಡುಕಿ ಬಿಟ್ಟರೆ ಜಗತ್ತೇ ಸುಟ್ಟುಹೋಗುತ್ತದೆ. ಹಾಗಾದರೆ ಕುರುಕ್ಷೇತ್ರದಲ್ಲಿ ಇದಕ್ಕೆ ತಕ್ಕ ಶತ್ರು ಯಾರಿದ್ದರು? ಇದ್ದವರು ಬಹುತೇಕ ಮನುಷ್ಯರೇ. ತೊಡಕಿರುವುದು ಇಲ್ಲೇ.

ವನಪರ್ವದಲ್ಲೇ ಬರುವ ಒಂದು ಸಣ್ಣ ಪ್ರಸಂಗ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ, ಬರಬೇಕಿತ್ತು. ಸ್ವರ್ಗದಿಂದ ಹಿಂತಿರುಗಿದ ತಮ್ಮನನ್ನು ಧರ್ಮರಾಯ, ಆ ದಿವ್ಯಾಸ್ತ್ರಗಳನ್ನು ಒಮ್ಮೆ ತೋರಿಸಪ್ಪಾ ಎಂದು ಕೇಳುತ್ತಾನೆ. ಮನೆಗೆ ಹೊಸ ವಸ್ತು ಬಂದಾಗ ಯಾರಿಗಾದರೂ ಇರುವ ಆಸೆಯೇ. ಅರ್ಜುನ ಶುಚಿಯಾಗಿ, ಕವಚ ತೊಟ್ಟು ಪ್ರದರ್ಶನಕ್ಕೆ ನಿಲ್ಲುತ್ತಾನೆ. ಅಷ್ಟಕ್ಕೇ ಭೂಮಿ ನಡುಗುತ್ತದೆ, ನದಿ ಸಮುದ್ರಗಳು ಕಲಕುತ್ತವೆ, ಗಾಳಿ ನಿಲ್ಲುತ್ತದೆ. ನಾರದ ಓಡಿಬಂದು, ಗುರಿಯಿಲ್ಲದೆ ಇವನ್ನು ಹೊರತೆಗೆಯಬಾರದೆಂದು ತಡೆಯುತ್ತಾನೆ. ಪ್ರದರ್ಶನ ಅಲ್ಲಿಗೆ ರದ್ದು!

ಅಭಿಮನ್ಯು ಸತ್ತ ರಾತ್ರಿಗೆ ಬರೋಣ. ಮರುದಿನ ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುವೆನೆಂದು ಅರ್ಜುನ ಶಪಥ ಮಾಡಿದ್ದಾನೆ. ಕೃಷ್ಣ ಕನಸಿನಲ್ಲೇ ಅವನನ್ನು ಶಿವನ ಬಳಿಗೆ ಕರೆದೊಯ್ಯುತ್ತಾನೆ. ಪಾಶುಪತ ಎರಡನೆಯ ಸಲ ದೊರೆಯುತ್ತದೆ. ಮಗನನ್ನು ಕಳೆದುಕೊಂಡ ತಂದೆ, ಕೈಯಲ್ಲಿ ಪ್ರಳಯಾಸ್ತ್ರ. ಸೈಂಧವನ ತಲೆ ಹಾರಿಸಿದ್ದು ಅದೇ ಬಾಣವೆಂದು ಹೇಳುವವರೂ ಉಂಟು. ವ್ಯಾಸಭಾರತ ಅಲ್ಲಿ ಮಂತ್ರಿಸಿದ ಘೋರ ಬಾಣವೊಂದನ್ನು ಹೇಳುತ್ತದೆಯೇ ಹೊರತು ಪಾಶುಪತದ ಹೆಸರೆತ್ತುವುದಿಲ್ಲ. ಆ ದಿನವೆಲ್ಲ ಅರ್ಜುನ ಹೋರಾಡಿದ್ದು ಬಿಲ್ಲು, ಬಾಣ, ರಥಗಳಿಂದಲೇ. ಕುದುರೆಗಳು ಬಳಲಿದಾಗ ರಣರಂಗದ ನಡುವೆ ಇಳಿದು ಅವಕ್ಕೆ ನೀರು ಕುಡಿಸುವ ವ್ಯವಸ್ಥೆಯನ್ನೂ ಮಾಡಬೇಕಾಯಿತು.

ಎದುರು ಪಕ್ಷದ್ದು ಬೇರೆಯೇ ಪಾಡು. ಇಂದ್ರ ಕೊಟ್ಟ ಶಕ್ತಿಯನ್ನು ಕರ್ಣ ಅರ್ಜುನನಿಗೆಂದು ಜೋಪಾನವಾಗಿಟ್ಟಿದ್ದ. ಒಂದೇ ಸಲ ಬಳಸಬಹುದಾದದ್ದು. ಘಟೋತ್ಕಚನ ಮೇಲೆ ಅದು ಖರ್ಚಾಯಿತು. ಅಶ್ವತ್ಥಾಮನಿಗೆ ಬ್ರಹ್ಮಶಿರವನ್ನು ಬಿಡಲು ಬರುತ್ತಿತ್ತು, ಹಿಂದಕ್ಕೆ ಪಡೆಯಲು ಬರುತ್ತಿರಲಿಲ್ಲ. ಅದು ಹೋಗಿ ಬಿದ್ದದ್ದು ಉತ್ತರೆಯ ಗರ್ಭಕ್ಕೆ, ಅದೇ ಅಭಿಮನ್ಯುವಿನ ಕೂಸಿನ ಮೇಲೆ. ಅರ್ಜುನನಿಗೆ ಎರಡೂ ಗೊತ್ತಿತ್ತು, ಅವನು ತನ್ನದನ್ನು ಹಿಂತೆಗೆದುಕೊಂಡ. ಒಳಗೆ ಹೋಗಲು ಮಾತ್ರ ಬಲ್ಲ ಹುಡುಗನ ಕಥೆಯೂ ಬಿಡಲು ಮಾತ್ರ ಬಲ್ಲ ಬ್ರಾಹ್ಮಣನ ಕಥೆಯೂ ಒಂದೇ ಮನೆಯಲ್ಲಿ ಬಂದು ಕೂಡುವುದು ಆಕಸ್ಮಿಕವಲ್ಲವೇನೋ.

ಕನ್ನಡ ನಾಡಿಗೆ ಕಿರಾತನ ಕಥೆ ಬಹಳ ಹಳೆಯ ನೆಂಟ. ಹಳೇಬೀಡಿಗಿಂತ ಸುಮಾರು ನಾಲ್ಕು ಶತಮಾನ ಮೊದಲೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅದು ಕಲ್ಲಿಗೆ ಇಳಿಯಿತು. ಹತ್ತನೆಯ ಶತಮಾನದಲ್ಲಿ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಭಾರತ ಬರೆದ. ಯಕ್ಷಗಾನದಲ್ಲಿ 'ಕಿರಾತಾರ್ಜುನ' ಪ್ರಸಂಗ ಇಂದಿಗೂ ನಡೆಯುತ್ತದೆ. ಕಾರ್ಕಳದವರಾದ ಅನಂತ ಪೈ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆ ಮಹಾಭಾರತವನ್ನು ಮಕ್ಕಳ ಕೈಗಿತ್ತಿತು, ಬಿ.ಆರ್. ಚೋಪ್ರಾ ಅವರ ಧಾರಾವಾಹಿ 1988ರಿಂದ 1990ರವರೆಗೆ ಭಾನುವಾರದ ಬೀದಿಗಳನ್ನು ಖಾಲಿ ಮಾಡಿತು. ಟಿ.ವಿ.ಯಲ್ಲಿ ಅಸ್ತ್ರವೆಂದರೆ ಬೆಳಕಿನ ಗೆರೆ. ಶಿಲ್ಪಿಗೆ ಆ ಸೌಲಭ್ಯವಿರಲಿಲ್ಲ. ಬಳಪದ ಕಲ್ಲಿನಲ್ಲಿ ಅವನು ಕೆತ್ತಿದ್ದು ಬಿಲ್ಲೆಳೆದ ತೋಳು, ರಥ, ಆನೆ, ಬಿದ್ದ ಹೆಣ.

ಆ ಗೋಡೆಯ ಕೆಲಸ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಆರಂಭವಾಯಿತು. ಒಳಗೆ ಜೋಡಿ ಗರ್ಭಗುಡಿ, ಎರಡರಲ್ಲೂ ಶಿವನೇ, ಅಸ್ತ್ರ ಕೊಟ್ಟವನು. ಹೊರಗೆ ಅವನ ಅಸ್ತ್ರವಿಲ್ಲದೆ ನಡೆದ ಯುದ್ಧ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದಾಗ ಮೂರನೆಯ ಬಲ್ಲಾಳ ತಮಿಳು ನಾಡಿನ ದಂಡಯಾತ್ರೆಯಲ್ಲಿದ್ದ. ಧಾವಿಸಿ ಬಂದವನು ಆನೆ, ಕುದುರೆ, ಭಂಡಾರವನ್ನು ಒಪ್ಪಿಸಿ ಸಂಧಿ ಮಾಡಿಕೊಂಡ.