ಮಂಜುಗಡ್ಡೆಯ ಕೆಳಗಿನ ಆಮೆ

ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆದುಕೊಂಡ ಸ್ಥಿತಪ್ರಜ್ಞನಿಗೆ, ಅಂಗಗಳನ್ನು ಒಳಗೆಳೆದುಕೊಂಡ ಆಮೆಯ ಉಪಮೆಯನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯ ಕೊಟ್ಟಿದೆ. ಹೀಗಾಗಿ ಆಮೆ ಒಳಸೇರಿತೆಂದರೆ ನಮ್ಮ ಮನಸ್ಸಿಗೆ ತೋರುವುದು ಶಾಂತಿಯೇ. ಹಿಮ ಬೀಳುವ ನಾಡಿನ ಆಮೆಯನ್ನು ಕಂಡ ಮೇಲೆ, ಆ ಶಾಂತಿಗೆ ತೆರಬೇಕಾದ ಬೆಲೆಯ ಮಾತನ್ನೂ ಆಡಬೇಕೆನಿಸುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ನಾನು ಒಂದು ಚಳಿಗಾಲವನ್ನು ಕಳೆದೆ. ನೆರೆಯವರ ಹಿತ್ತಲಿನ ಕೊಳದಲ್ಲಿ ಒಂದು ಸಾಕಿದ ಆಮೆಯಿತ್ತು. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ, ಮಿಸಿಸಿಪಿ ಕೊಳ್ಳದ ಜಾತಿ. ಕೊಂಡಾಗ ಅಂಗೈಯಗಲವಿದ್ದದ್ದು ಈಗ ಊಟದ ತಟ್ಟೆಯಷ್ಟು ಬೆಳೆದಿತ್ತು. (ಮರಿಯ ಅಂದಕ್ಕೆ ಮರುಳಾಗುವವರು ಅದು ದಶಕಗಳ ಕಾಲ ಬದುಕುವ ಜೀವವೆಂಬುದನ್ನು ನೆನೆಯುವುದು ವಿರಳ.) ಕೊಳದ ಮೇಲೆ ಮಂಜು ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಆಮೆ ತಳದಲ್ಲಿತ್ತು.

ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಮೇಲಕ್ಕೇರಿ ಹೆಪ್ಪುಗಟ್ಟುತ್ತದೆ. ಸಾಕಷ್ಟು ಆಳವಿದ್ದರೆ ತಳ ದ್ರವವಾಗಿಯೇ ಉಳಿಯುತ್ತದೆ. ಶೀತರಕ್ತದ ಆಮೆಯ ದೇಹವೂ ಆ ತಣ್ಪಿಗೆ ಇಳಿದು, ಜೀವವ್ಯಾಪಾರ ತೀರ ಮಂದವಾಗುತ್ತದೆ. ಚರ್ಮದ ಮೂಲಕ ನೀರಿನಿಂದ ಒಂದಿಷ್ಟು ಆಮ್ಲಜನಕ ದೊರೆಯುವುದುಂಟು. ಅದೂ ಮುಗಿದರೆ? ಬ್ರೌನ್ ವಿಶ್ವವಿದ್ಯಾಲಯದ ಡೊನಾಲ್ಡ್ ಜಾಕ್ಸನ್ ಈ ಜಾತಿಗೆ ಹತ್ತಿರದ ನಂಟಿರುವ ಬಣ್ಣದ ಆಮೆಯನ್ನು ದಶಕಗಳ ಕಾಲ ಅಭ್ಯಸಿಸಿದರು. ಆಮ್ಲಜನಕವೇ ಇಲ್ಲದ ತಣ್ಣೀರಿನಲ್ಲಿ ಅದು ಮೂರು ತಿಂಗಳಿಗೂ ಮಿಕ್ಕಿ ಬದುಕಬಲ್ಲದು. ಆಗ ಅದರ ಹೃದಯ ನಿಮಿಷಕ್ಕೊಮ್ಮೆಯೂ ಮಿಡಿಯದು. ಉಸಿರಿಲ್ಲದ ಬದುಕಿನಲ್ಲಿ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಶೇಖರವಾಗುತ್ತದೆ. ಆ ಆಮ್ಲವನ್ನು ತಣಿಸಲು ಚಿಪ್ಪು ತನ್ನ ಸುಣ್ಣದ ಅಂಶವನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ, ಆಮ್ಲದ ಒಂದು ಪಾಲನ್ನು ತನ್ನೊಳಗೇ ಇರಿಸಿಕೊಳ್ಳುತ್ತದೆ. ಹೊರಗಿನ ಹಗೆಗೆ ಗುರಾಣಿಯೆಂದು ನಾವು ಹಾಡಿಹೊಗಳುವ ಚಿಪ್ಪು, ಒಳಗಿನ ಹಗೆಗಾಗಿ ಇಷ್ಟಿಷ್ಟೇ ಕರಗುತ್ತಿರುತ್ತದೆ.

ಸಾಕುವವನ ಕರ್ತವ್ಯವೆಲ್ಲ ಶರತ್ಕಾಲದಲ್ಲೇ ಮುಗಿದಿರಬೇಕು. ರೋಗಿಯಾದ, ಸೊರಗಿದ ಆಮೆಯನ್ನು ಕೊಳದಲ್ಲಿ ಬಿಡಬಾರದು, ಒಳಗೆ ಬೆಚ್ಚಗಿಡಬೇಕು. ನೀರು ತಣ್ಣಗಾಗುತ್ತ ಬಂದಂತೆ ಆಹಾರ ನಿಲ್ಲಿಸಬೇಕು, ಜೀರ್ಣವಾಗದ ಕೂಳು ಹೊಟ್ಟೆಯಲ್ಲಿ ಕೊಳೆತೀತು. ಉದುರಿದ ಎಲೆಗಳನ್ನು ತೆಗೆಯದಿದ್ದರೆ ಅವು ಕೊಳೆಯುತ್ತ, ಇರುವ ಆಮ್ಲಜನಕವನ್ನೂ ಕಬಳಿಸುತ್ತವೆ. ನೆರೆಯವರು ತೇಲುವ ವಿದ್ಯುತ್ ಕಾವಲಿಯೊಂದರಿಂದ ಮಂಜಿನಲ್ಲಿ ಒಂದು ಕಿಂಡಿಯನ್ನು ಮಾತ್ರ ತೆರೆದಿಟ್ಟಿದ್ದರು. ಅವರ ಪುಟ್ಟ ಮಗನಿಗೆ, ಸುತ್ತಿಗೆಯಿಂದ ಮಂಜು ಒಡೆದು ಆಮೆ ಜೀವಂತವಾಗಿದೆಯೇ ಎಂದು ನೋಡುವಾಸೆ. ಆ ಪೆಟ್ಟಿನ ಅದುರಿಗೆ ಆಮೆ ಬೆದರಿ ಅಲುಗಾಡಿದರೆ, ಅದರ ಅಲ್ಪಸ್ವಲ್ಪ ಕೂಡಿಟ್ಟ ಶಕ್ತಿಯೂ ವ್ಯಯವಾಗುತ್ತದೆಂದು ತಂದೆ ತಡೆದರು. ಹುಡುಗ ದಿನವೂ ಶಾಲೆಯಿಂದ ಬಂದೊಡನೆ ಕಿಂಡಿಯ ಬಳಿ ಕುಳಿತು ಇಣುಕುತ್ತಿದ್ದ. ಪ್ರೀತಿಸಿದ ಜೀವವನ್ನು ಮುಟ್ಟದೆ ಮೂರು ತಿಂಗಳು ಕಾಯುವುದು ಆ ವಯಸ್ಸಿಗೆ ಸಣ್ಣ ತಪಸ್ಸಲ್ಲ.

ಮಾರ್ಚಿಯ ಕೊನೆಗೆ ಮಂಜು ಕರಗಿತು. ಒಂದು ಮಧ್ಯಾಹ್ನ ಆಮೆ ಕೊಳದ ಮರದ ದಿಮ್ಮಿಯನ್ನೇರಿ, ಹಿಂಗಾಲುಗಳನ್ನು ಚಾಚಿ, ಕತ್ತನ್ನು ಬಿಸಿಲಿಗೊಡ್ಡಿ ಮಲಗಿತ್ತು. ಬೆಚ್ಚಗಿನ ಮೈಯಲ್ಲಿ ಉಸಿರಾಡುತ್ತ ಚಳಿಗಾಲದ ಆಮ್ಲವನ್ನು ಕಳೆದುಕೊಳ್ಳುವುದಕ್ಕೆ ಅದಕ್ಕೆ ಇನ್ನೂ ದಿನಗಳು ಬೇಕಿದ್ದವು. ಹುಡುಗ ತಂದ ಸೊಪ್ಪನ್ನು ಅದು ಮೂಸಿಯೂ ನೋಡಲಿಲ್ಲ.